ಮೂರನೇ ಗೇರಿನ ಪಣ

ಹಾಸಿಗೆ ಅಕ್ಕನ ಗಂಡ ಕೆಟ್ಟವನಲ್ಲ. ಬಾಯಿಗೆ ಬೀಗ ಇಲ್ಲ, ಅಷ್ಟೇ. ಮಾತು ಮನೆ ಕೆಡಿಸಿತು ಎನ್ನುತ್ತಾರೆ. ಇವನ ಮಾತು ಈ ಸಲ ಮನೆಯನ್ನು ಬಿಟ್ಟು ಹೆಂಡತಿಯ ಕಾರಿಗೆ ಕೈ ಹಾಕಿತ್ತು.

ಗಂಡ ಹೆಂಡತಿ ಇಬ್ಬರದೂ ಹತ್ತಿಯ ಹಾಸಿಗೆ, ದಿಂಬು ಮಾಡುವ ಕೆಲಸ. ಅದಕ್ಕೇ ಬೀದಿಗೆಲ್ಲ ಅವಳು ಹಾಸಿಗೆ ಅಕ್ಕ. ಮನೆಗೆ ಅಂಟಿಕೊಂಡ ಉದ್ದನೆಯ ಶೆಡ್ಡಿನಲ್ಲಿ ಒಂದು ತುದಿಗೆ ಹತ್ತಿ ಹಿಂಜುವ ಯಂತ್ರ, ಇನ್ನೊಂದು ತುದಿಗೆ ಹೊಲಿಗೆಯ ಮೇಜು, ನಡುವೆ ಯಂತ್ರದ ಕಡೆ ಮೂತಿ ಮಾಡಿ ನಿಂತ ಹಳೆಯ ಡೀಸೆಲ್ ಕಾರು. ಅದು ಅವಳದು. ಮದುವೆಗೆ ಮುಂಚೆಯೇ ದಿಂಬು ಹೊಲಿದು ಹೊಲಿದು ತೆಗೆದುಕೊಂಡದ್ದು. ಡ್ರೈವಿಂಗ್ ಕಲಿತದ್ದೂ ಅದರಲ್ಲೇ. ಗಂಡನಿಗಿಂತ ಅದರ ಜೊತೆಗೇ ತನಗೆ ಹೆಚ್ಚು ದಿನದ ಪರಿಚಯ ಎಂದು ಅವಳು ತಮಾಷೆಗೆ ಹೇಳುತ್ತಿದ್ದಳು. ಪೂರ್ತಿ ತಮಾಷೆಯೂ ಅಲ್ಲ.

ಒಂದು ವರ್ಷದಿಂದ ಕಾರು ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಇದು ಡೀಲ್ ಭಾವನ ಕಿವಿಗೂ ಬಿತ್ತು. ಡೀಲ್ ಭಾವ ಎಂದರೆ ಅವಳ ಸ್ವಂತ ಅಕ್ಕನ ಗಂಡ, ಹಳೆ ಕಾರುಗಳ ವ್ಯಾಪಾರಿ. ಯಾರ ಮನೆಗೆ ಹೋದರೂ ಒಳಗೆ ಕಾಲಿಡುವ ಮುಂಚೆ ಬಾಗಿಲಲ್ಲಿ ನಿಂತ ಕಾರಿನ ಟೈರನ್ನು ಒಂದು ಸಲ ಒದ್ದು ನೋಡುವ ಮನುಷ್ಯ. ಕಳೆದ ಭಾನುವಾರ ಬಂದವನು ಇದನ್ನೂ ಒದ್ದ.

"ಇದಕ್ಕೆ ವಯಸ್ಸಾಯ್ತು. ನಂಗೆ ಕೊಟ್ಟುಬಿಡಿ, ಒಂದು ದಾರಿ ಕಾಣಿಸ್ತೀನಿ" ಎಂದ.

"ವಯಸ್ಸಾಗಿರೋದು ನಿಮ್ಗೆ. ಈಗ್ಲೂ ಮೂರನೇ ಗೇರಲ್ಲೇ ನೀರಿನ ಟ್ಯಾಂಕ್ ಏರು ಹತ್ತುತ್ತೆ" ಎಂದ ಹಾಸಿಗೆ ಅಕ್ಕನ ಗಂಡ. ಕಾರು ಹಾಗೆ ಹತ್ತಿ ಒಂದು ವರ್ಷವೇ ಆಗಿತ್ತು.

"ಲೋಡ್ ಹಾಕ್ಕೊಂಡು?"

"ಲೋಡ್ ಹಾಕ್ಕೊಂಡೇ."

"ಸರಿ ಹಾಗಾದ್ರೆ. ಮುಂದಿನ ಭಾನುವಾರ ನೋಡೋಣ. ಹತ್ತಿದ್ರೆ ನಾನು ಈ ಕಾರಿನ ಸುದ್ದಿಗೇ ಬರಲ್ಲ. ಎರಡನೇ ಗೇರಿಗೆ ಇಳಿಸಿದ್ರೆ ಕಾರು ನಂದು, ನಾನು ಹೇಳಿದ್ದೇ ರೇಟು."

"ಆಯ್ತು, ಹೋಗಿ."

ಹಾಸಿಗೆ ಅಕ್ಕ ಒಳಗಿನಿಂದ ಕಾಫಿ ತರುವಷ್ಟರಲ್ಲಿ ಷಡ್ಡಕರಿಬ್ಬರೂ ಕೈ ಕುಲುಕಿ ಮುಗಿಸಿದ್ದರು. ಕಾರು ಇವಳದು, ನಾಲಿಗೆ ಅವನದು, ಕೈ ಕುಲುಕುವಾಗ ಒಂದು ಮಾತು ಕೇಳಬೇಕೆಂದು ಇಬ್ಬರಿಗೂ ಅನ್ನಿಸಿರಲಿಲ್ಲ. ಕಾಫಿಯನ್ನು ಕೊಟ್ಟಳು, ಸಕ್ಕರೆ ಹಾಕಲಿಲ್ಲ.

ಮಂಗಳವಾರ ಕೊರಿಯರಿನಲ್ಲಿ ಅಂಗೈಯಗಲದ ಒಂದು ಕಪ್ಪು ಡಬ್ಬಿ ಬಂತು. ಮೇಲೆ ಓಡುವ ಚಿರತೆಯ ಚಿತ್ರ, ಹಿಂದೆ ಎರಡು ವೈರು. ಗಂಡ ಬಾನೆಟ್ ಎತ್ತಿ, ಡೀಸೆಲ್ ಪೈಪಿನ ಮೇಲಿದ್ದ ಸೆನ್ಸರಿನ ಪ್ಲಗ್ ಕಿತ್ತು, ನಡುವೆ ಡಬ್ಬಿಯನ್ನು ಸೇರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದ. ಹತ್ತು ನಿಮಿಷದ ಕೆಲಸಕ್ಕೆ ಹತ್ತು ಸಲ ಮೀಸೆ ಸವರಿಕೊಂಡ.

"ಇದೇನ್ರೀ ಮಾಡುತ್ತೆ?"

"ಡೀಸೆಲ್ ಒತ್ತಡ ಕಮ್ಮಿ ಇದೆ ಅಂತ ಎಂಜಿನ್ನಿಗೆ ಹೇಳುತ್ತೆ. ಅದು ನಂಬ್ಕೊಂಡು ಜಾಸ್ತಿ ಡೀಸೆಲ್ ಕುಡಿಯುತ್ತೆ. ಆಗ ಪಿಕಪ್ಪು."

"ಅಂದ್ರೆ ಇಲ್ಲದ್ದನ್ನ ಹೇಳಿ ನಂಬಿಸೋದು. ಮನೇಲಿ ಒಬ್ರು ಇದ್ರಲ್ಲ, ಸಾಲ್ದಾಗಿತ್ತಾ?"

ಅವನು ಆಗಲೇ ಒಳಗೆ ಕೂತು ಕೀ ತಿರುಗಿಸಿದ್ದ.

ಪಿಕಪ್ ಬಂತೋ ಇಲ್ಲವೋ, ಹೊಗೆಯಂತೂ ಬಂತು. ಎದುರು ಮನೆಯವರು ಒಣಹಾಕಿದ್ದ ಬಿಳಿ ಪಂಚೆ ಮಸಿಬಟ್ಟೆಯ ಬಣ್ಣಕ್ಕೆ ತಿರುಗಿತು. ಸಂಜೆ ಏರಿನ ಅರ್ಧಕ್ಕೆ ಹೋಗಿ ಬಂದಾಗ ಕ್ಲಚ್ಚಿನಿಂದ ಸುಟ್ಟ ವಾಸನೆ ಹೊಡೆಯಿತು. ಮೂಗಿಗಿಂತ ಮೂಗುತಿ ಭಾರ ಎಂದುಕೊಂಡಳು ಹಾಸಿಗೆ ಅಕ್ಕ. ಹೀಗೇ ಬಿಟ್ಟರೆ ಡೀಲ್ ಭಾವ ಒಯ್ಯುವ ಮುಂಚೆ ಗುಜರಿಯವನು ಒಯ್ಯುತ್ತಾನೆ ಎಂದು ಅವಳಿಗೆ ನಿಜವಾಗಿ ಭಯವಾಯಿತು.

ಬುಧವಾರ ಮಧ್ಯಾಹ್ನ ಗಂಡ ಬಟ್ಟೆಯ ಥಾನು ತರಲು ಹೋಗಿದ್ದಾಗ ಅವಳು ಬಾನೆಟ್ ಎತ್ತಿದಳು. ಪಟ್ಟಿ ಕತ್ತರಿಸಿ ಡಬ್ಬಿಯನ್ನು ಕಳಚಿ, ಪ್ಲಗ್ಗನ್ನು ಮೊದಲಿದ್ದ ಜಾಗಕ್ಕೇ ಒತ್ತಿದಳು. ಬಾನೆಟ್ ಮುಚ್ಚಬೇಕು, ಅಷ್ಟರಲ್ಲಿ ಕೆಲಸ ಕಲಿಸಿದ ಅಪ್ಪನ ಮಾತು ನೆನಪಾಯಿತು. ಯಂತ್ರ ಮೊಂಡು ಹಿಡಿದರೆ ಬೈಯೋಕೆ ಮುಂಚೆ ಅದರ ಮೂಗು ನೋಡು, ಎನ್ನುತ್ತಿದ್ದ ಅವನು. ಹಿಂಜುವ ಯಂತ್ರದ ಗಾಳಿಕಿಂಡಿಯನ್ನು ಗಂಡ ಹೆಂಡತಿ ದಿನಾ ಸಂಜೆ ತಪ್ಪದೆ ಬ್ರಷ್ ಹಾಕಿ ಚೊಕ್ಕಟ ಮಾಡುತ್ತಿದ್ದರು. ಅದರ ಎದುರಿಗೇ ಮೂತಿ ಇಟ್ಟು ನಿಂತ ಕಾರಿಗೂ ಒಂದು ಮೂಗಿದೆ ಎಂಬುದು ಇಷ್ಟು ವರ್ಷ ಇಬ್ಬರಿಗೂ ಹೊಳೆದಿರಲಿಲ್ಲ.

ಎಂಜಿನ್ನಿನ ಗಾಳಿ ಸೋಸುವ ಏರ್ ಫಿಲ್ಟರಿನ ಮುಚ್ಚಳ ತೆಗೆದಳು. ಒಳಗೆ ಬೆರಳು ದಪ್ಪದ ಹತ್ತಿ, ಒತ್ತಿ ಕೂತು ಕಂಬಳಿಯಾಗಿತ್ತು. ಒಂದು ಮಗುವಿನ ದಿಂಬಿಗೆ ಆಗುವಷ್ಟಿತ್ತು. ಪಾಪ, ಇಷ್ಟು ದಿನ ಮೂಗಿಗೆ ಬಟ್ಟೆ ತುರುಕಿಕೊಂಡು ಓಡಿದೆಯಲ್ಲ ಎಂದು ಅವಳಿಗೆ ಅಳು ಬಂದ ಹಾಗಾಯಿತು. ಮುಖ್ಯರಸ್ತೆಯ ಬಿಡಿಭಾಗದ ಅಂಗಡಿಯಿಂದ ಹೊಸ ಫಿಲ್ಟರ್ ತಂದು ಕೂರಿಸಿದಳು.

ಉಳಿದದ್ದು ಡಬ್ಬಿ. ಎಲ್ಲಿ ಬಚ್ಚಿಡುವುದು? ಮೇಜಿನ ಮೇಲೆ ಗಂಡನ ದಿಂಬು ಇತ್ತು, ಹೊಲಿಗೆ ಬಿಟ್ಟಿದೆ ಎಂದು ಅವನೇ ತಂದಿಟ್ಟದ್ದು. ಅವಳು ಒಂದು ಕ್ಷಣ ಯೋಚಿಸಿದಳು. ಅರ್ಧ ಕ್ಷಣವೇ ಇರಬೇಕು. ಆಮೇಲೆ ಡಬ್ಬಿಯನ್ನು ಹತ್ತಿಯ ನಟ್ಟನಡುವೆ ತೂರಿಸಿ, ಎರಡೆರಡು ಹೊಲಿಗೆ ಹಾಕಿ, ದಿಂಬನ್ನು ತಟ್ಟಿ ಮಂಚದ ಮೇಲೆ ಇಟ್ಟಳು.

ಗುರುವಾರ ಬೆಳಿಗ್ಗೆ ಗಂಡ ಕಾರಿನಲ್ಲಿ ಒಂದು ಸುತ್ತು ಹೋಗಿ ಬಂದು ಕುಣಿದಾಡಿದ. ಕಾರು ಹಾರುತ್ತಿತ್ತು, ಹೊಗೆಯೂ ಇರಲಿಲ್ಲ.

"ನೋಡ್ದ್ಯಾ? ಡಬ್ಬಿ ಸೆಟ್ ಆಗೋಕೆ ಎರಡು ದಿನ ಬೇಕು ಅಂತ ಕಾಗದದಲ್ಲೇ ಬರೆದಿದ್ರು. ಎಂಥ ಎಳೆತ ಅಂತೀಯಾ, ನನ್ನ ಕತ್ತೇ ಹಿಡ್ಕೊಂಡಿದೆ."

"ಕತ್ತಾ?"

"ಹೂಂ. ಪಿಕಪ್ ಜಾಸ್ತಿಯಾದ್ರೆ ತಲೆ ಹಿಂದಕ್ಕೆ ಹೊಡೆಯುತ್ತಲ್ಲ."

ಹಾಸಿಗೆ ಅಕ್ಕ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಮುಖ ತಿರುಗಿಸಿಕೊಂಡಳು. ಶುಕ್ರವಾರ ಕತ್ತು ಎಡಕ್ಕೆ ತಿರುಗಲಿಲ್ಲ. ಶನಿವಾರ ಬಲಕ್ಕೂ ತಿರುಗಲಿಲ್ಲ. ಅವನು ಬೀದಿಯಲ್ಲಿ ಎಲ್ಲರಿಗೂ ಕತ್ತನ್ನು ಪದಕದ ಹಾಗೆ ತೋರಿಸಿಕೊಂಡು ಓಡಾಡಿದ. ಆದರೆ ಕನ್ನಡಿ ನೋಡಲಾಗದವನು ಕಾರು ಓಡಿಸುವುದು ಹೇಗೆ? ಭಾನುವಾರ ಸ್ಟಿಯರಿಂಗ್ ಮುಂದೆ ಹಾಸಿಗೆ ಅಕ್ಕನೇ ಕೂರಬೇಕಾಯಿತು.

ಏರಿನ ತುದಿಯ ನೀರಿನ ಟ್ಯಾಂಕಿನ ಪಕ್ಕ ಒಂದು ಹಾಸ್ಟೆಲ್. ಅಲ್ಲಿಗೆ ಎಂಟು ಹಾಸಿಗೆ ಮುಟ್ಟಿಸುವುದಿತ್ತು. ಲೋಡ್ ಬೇಕು ಅಂದ್ರಲ್ಲ ಭಾವ, ತಗೊಳ್ಳಿ, ಎಂದು ಎಂಟನ್ನೂ ಕ್ಯಾರಿಯರಿಗೆ ಕಟ್ಟಿಸಿದಳು. ಪಕ್ಕದಲ್ಲಿ ಗಂಡ, ಹಿಂದೆ ಗೇರಿನ ಮೇಲೇ ಕಣ್ಣು ನೆಟ್ಟ ಡೀಲ್ ಭಾವ.

ಏರಿನ ಬುಡದಲ್ಲಿ ಮೂರನೇ ಗೇರಿಗೆ ಹಾಕಿದಳು. ಅರ್ಧದ ತಿರುವಿನಲ್ಲಿ ಕಾರು ಒಮ್ಮೆ ಗುಂಯ್ ಎಂದು ತಗ್ಗಿತು. ಅವಳ ಎಡಗೈ ಗೇರಿನ ಕಡೆ ಹೋಗಿ, ಮುಟ್ಟದೆ, ಮತ್ತೆ ಸ್ಟಿಯರಿಂಗಿಗೇ ಬಂತು. ಹತ್ತೇ ನನ್ನಮ್ಮ, ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಕಾರು ಉಸಿರು ಎಳೆದುಕೊಂಡು ಹತ್ತಿತು. ಟ್ಯಾಂಕಿನ ನೆರಳಿಗೆ ಬಂದು ನಿಲ್ಲಿಸಿದಾಗಲೂ ಗೇರು ಮೂರರಲ್ಲೇ ಇತ್ತು.

"ಡಬ್ಬಿ, ಭಾವ, ಡಬ್ಬಿ!" ಎಂದು ಗಂಡ ಕೆಳಗಿಳಿದ. ಕತ್ತಿನ ಜೊತೆ ಇಡೀ ಮೈಯನ್ನೂ ತಿರುಗಿಸಿಕೊಂಡು ಹೋಗಿ ಬಾನೆಟ್ ಎತ್ತಿದ. "ಇಲ್ಲಿ ನೋಡಿ..."

ನೋಡುವುದಕ್ಕೆ ಏನೂ ಇರಲಿಲ್ಲ. ಕತ್ತರಿಸಿದ ಪ್ಲಾಸ್ಟಿಕ್ ಪಟ್ಟಿಯ ತುಂಡೊಂದು ಬಿದ್ದಿತ್ತು.

"ಎಲ್ಲಿ?" ಎಂದ ಡೀಲ್ ಭಾವ.

"ದಿಂಬಲ್ಲಿದೆ" ಎಂದಳು ಹಾಸಿಗೆ ಅಕ್ಕ. "ಬುಧವಾರದಿಂದ ಅದರ ಮೇಲೇ ಮಲಗ್ತಿದಾರೆ. ಕಾರಿನ ಮೂಗಲ್ಲಿ ನಮ್ಮ ಹತ್ತಿ ಕಟ್ಕೊಂಡಿತ್ತು. ತೆಗೆದು ಹೊಸ ಫಿಲ್ಟರ್ ಹಾಕಿದೆ. ಅಷ್ಟೇ."

ಗಂಡನ ಕೈ ತಾನಾಗಿ ಕತ್ತಿಗೆ ಹೋಯಿತು. ಮುಖ ಹುಳ್ಳಗಾಯಿತು. ಡೀಲ್ ಭಾವ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ನೀವು ನಗಬೇಡಿ ಭಾವ. ಯಾರ ಕಾರು ಅಂತ ನೀವೂ ಕೇಳಲಿಲ್ಲ." ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ನಗು ಅಲ್ಲಿಗೇ ನಿಂತಿತು. "ಎಂಟು ಹಾಸಿಗೆ ಮೂರನೇ ಮಹಡಿಗೆ ಹೋಗ್ಬೇಕು. ತಲಾ ನಾಲ್ಕು."

"ಲೇ, ನಂಗೆ ಕತ್ತು..." ಎಂದ ಗಂಡ.

"ತಲೆ ಮೇಲೆ ಹೊರಬೇಡಿ, ಬೆನ್ನ ಮೇಲೆ ಹಾಕ್ಕೊಳ್ಳಿ."

ಇಬ್ಬರೂ ಹೊತ್ತರು. ನಾಲ್ಕನೆಯದನ್ನು ಇಳಿಸಿ ಬಂದ ಗಂಡ ಅವಳು ಕೂತಿದ್ದ ಡ್ರೈವರ್ ಕಿಟಕಿಯ ಹತ್ತಿರ ನಿಂತ. ಬೆವರು ಒರೆಸಿಕೊಂಡ. ಆಮೇಲೆ ಜೇಬಿನಿಂದ ತಾನಿಟ್ಟುಕೊಂಡಿದ್ದ ಎರಡನೇ ಕೀ ತೆಗೆದು, ಕಾರಿನ ಒಡತಿಯ ಕೈಗೆ ಕೊಟ್ಟ. ಅವನು ಮಾತಿಲ್ಲದೆ ಏನಾದರೂ ಮಾಡಿದ್ದನ್ನು ಹಾಸಿಗೆ ಅಕ್ಕ ನೋಡಿದ್ದು ಅದೇ ಮೊದಲು. ಬಗ್ಗಿ, ಅವನು ಕೂರಲೆಂದು ಪಕ್ಕದ ಬಾಗಿಲು ತೆಗೆದಳು.