ಶಿವಲೀಲಾ ಆರಿಸಿದ ಕಂಡಿಕಿ

ನಾನು ಒಂದು ಪ್ರಾಣಿ. ಆದರೆ ನಾನು ಹುಟ್ಟಿದ್ದು ಕಾಡಿನಲ್ಲಲ್ಲ, ಅಂಗೈಯಲ್ಲಿ ಹಿಡಿಯುವ ಒಂದು ವಿಡಿಯೋ ಗೇಮಿನ ಡಬ್ಬಿಯೊಳಗೆ. ಮೊಲದಷ್ಟು ಮೈ, ನೀಲಿ ಬಣ್ಣ, ಹಣೆಯ ಮೇಲೆ ಒಂದೇ ಒಂದು ಕೋಡು. ಡಬ್ಬಿಯ ಗಾಜು ಬೆಳಗಿದಾಗ ನನಗೆ ಎಚ್ಚರ. ಆಗ ಮೇಲೆ ಬಗ್ಗಿದ ಮುಖಗಳು ಕಾಣುತ್ತವೆ, ಅವರ ಮಾತು ಕೇಳಿಸುತ್ತದೆ. ಗಾಜು ಆರಿದರೆ ನಿದ್ದೆ. ನನ್ನ ಆಯುಷ್ಯವೆಲ್ಲ ಹೀಗೆ ತುಂಡು ತುಂಡಾಗಿಯೇ ಕಳೆದಿದೆ.

ಹುಟ್ಟಿದ್ದು ಬೆಳಗಾವಿಯಲ್ಲಿ, ಓಂಕಾರ ಎಂಬ ಕಾಲೇಜು ಹುಡುಗನ ಕೈಯಲ್ಲಿ. ನಮ್ಮ ಆಟದಲ್ಲಿ ಪ್ರಾಣಿಗಳನ್ನು ಒಂದರ ಎದುರು ಒಂದು ನಿಲ್ಲಿಸಿ ಕಾದಾಡಿಸುತ್ತಾರೆ. ಜೋರಾಗಿ ಹೊಡೆಯುವ ಪ್ರಾಣಿ ಬೇಕೆಂದರೆ ಮೊಟ್ಟೆ ಒಡೆಸಬೇಕು. ಒಂದೇ ತಾಯಿಯ ಮೊಟ್ಟೆಗಳಾದರೂ ಒಂದೊಂದು ಮರಿಗೆ ಒಂದೊಂದು ಬಲ. ಆ ಬಲವನ್ನು ಮರಿಯ ಚಿತ್ರದ ಕೆಳಗೆ ಅಂಕಿಗಳಲ್ಲಿ ತೋರಿಸಿರುತ್ತಾರೆ.

ಓಂಕಾರ ಒಂದು ರವಿವಾರ ಕೂತು ನಲವತ್ತೊಂದು ಮೊಟ್ಟೆ ಒಡೆಸಿದ. ಅವನು ನೋಡುತ್ತಿದ್ದದ್ದು ಒಂದೇ ಅಂಕಿ, ಮೈಮೇಲೆ ನುಗ್ಗಿ ಹಾಯುವ ಬಲ. ಕೋಡಿದ್ದ ಮೇಲೆ ಹಾಯಲೇಬೇಕು ಎಂಬುದು ಅವನ ನಂಬಿಕೆ. ಅದು ಕಡಿಮೆ ಇದ್ದ ಮರಿಗಳನ್ನು ಒಂದು ಗುಂಡಿ ಒತ್ತಿ ಬಿಟ್ಟುಬಿಡುತ್ತಿದ್ದ. ಕೈ ಬೀಸುವ ಚಿತ್ರ ಬರುತ್ತಿತ್ತು, ಆಮೇಲೆ ಆ ಜಾಗ ಖಾಲಿ. ಬಿಟ್ಟ ಮರಿಗಳು ಎಲ್ಲಿಗೆ ಹೋದವೆಂದು ನನಗೆ ಇವತ್ತಿಗೂ ತಿಳಿಯದು. ನನ್ನ ಸರದಿ ಬಂದಾಗ ನೋಡಿದರೆ ನಲವತ್ತೊಂದರಲ್ಲಿ ಹಾಯುವ ಬಲ ಎಲ್ಲಕ್ಕಿಂತ ಕಡಿಮೆ ಇದ್ದದ್ದು ನನಗೇ. ಅವನ ಬೆರಳು ಗುಂಡಿಯ ಮೇಲಿತ್ತು. ಅಷ್ಟರಲ್ಲಿ ಅವನ ತಾಯಿ ಊಟಕ್ಕೆ ಕೂಗಿದರು. ಉಂಡು ಬಂದವನು ನನ್ನನ್ನು ಮರೆತ. ಯಾರೋ ಬೇಕೆಂದು ಉಳಿಸಿಕೊಂಡ ಪ್ರಾಣಿ ನಾನಲ್ಲ.

ಮುಂದೆ ಓಂಕಾರನಿಗೆ ಹೊಸ ಮೊಬೈಲು ಬಂತು, ಡಬ್ಬಿ ಹಳೆ ಸಾಮಾನಿನ ಅಂಗಡಿ ಸೇರಿತು. ಅಲ್ಲಿಂದ ಲಾರಿ ಓಡಿಸುವ ಒಬ್ಬ ಮಾಮಾ ನಮ್ಮನ್ನು ತಂಗಿಯ ಮಗನಿಗೆಂದು ರಬಕವಿಗೆ ಒಯ್ದ.

ರಬಕವಿಯಲ್ಲಿ ಗಾಜು ಬೆಳಗಿದ ಕೂಡಲೇ ಕಿವಿಗೆ ಬಡಿದದ್ದು ಪಾವರಲೂಮಿನ ಸದ್ದು. ಆ ಮನೆಯ ಮುಂದಿನ ಅಂಕಣದಲ್ಲಿ ಎರಡು ಮಗ್ಗ, ಹಿಂದೆ ಅಡಿಗೆಮನೆ. ಡಬ್ಬಿಯ ಒಡೆಯ ಮಾಂತು, ಮಹಾಂತೇಶ, ಆಗ ಡಿಪ್ಲೊಮಾ ಓದುತ್ತಿದ್ದ. ಅವನ ಅಕ್ಕ ಶಿವಲೀಲಾ ಅವನಿಗಿಂತ ಎರಡು ವರ್ಷ ದೊಡ್ಡವಳು. ಎಂಟನೆಯ ಇಯತ್ತೆಗೇ ಶಾಲೆ ಬಿಟ್ಟು ಮನೆಯಲ್ಲಿ ನೂಲು ಸುತ್ತುತ್ತಿದ್ದಳು. ಅವಳಿಗೆ ಓದು ತಲೆಗೆ ಹತ್ತಲಿಲ್ಲ ಎಂದು ಮನೆಯವರು ಬಂದವರಿಗೆಲ್ಲ ಹೇಳುತ್ತಿದ್ದರು. ಅವಳು ಶಾಲೆ ಬಿಟ್ಟ ವರ್ಷವೇ ಅವ್ವನ ಕಣ್ಣು ಮಂದವಾಗಿ, ಹರಿದ ಎಳೆ ಹುಡುಕಲು ಬೇರೆ ಕಣ್ಣು ಬೇಕಾಗಿತ್ತು. ಅದನ್ನು ಯಾರೂ ಹೇಳುತ್ತಿರಲಿಲ್ಲ.

ಶಿವಲೀಲಾ ಮಾತಾಡುವುದು ಬಹಳ ಕಡಿಮೆ. ಹೊರಗಿನವರು ಬಂದರೆ ಬಾಗಿಲ ಹಿಂದೆ ಸರಿಯುವಳು. ಆದರೆ ನೋಡುವಳು. ತಮ್ಮ ಆಡುವಾಗ ಅವನ ಭುಜದ ಹಿಂದೆ ನಿಂತು ಒಂದು ತಿಂಗಳು ಬರೀ ನೋಡಿದಳು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಅವಳಿಗೆ ಹೊತ್ತು ಹಿಡಿಯುತ್ತಿತ್ತು, ಅಂಕಿಗಳಿಗೆ ಆ ತೊಂದರೆ ಇರಲಿಲ್ಲ. ಒಂದು ಮಧ್ಯಾಹ್ನ ಕರೆಂಟು ಹೋಗಿ ಮಗ್ಗ ನಿಂತಾಗ ಅವಳು ನಾವಿದ್ದ ಪೆಟ್ಟಿಗೆಯನ್ನು ತೆರೆದಳು. ಕಾಳಗಕ್ಕೆ ಬೇಡದ ಪ್ರಾಣಿಗಳನ್ನು ಇಡುವ ಜಾಗಕ್ಕೆ ನಮ್ಮ ಆಟದಲ್ಲಿ ಪೆಟ್ಟಿಗೆ ಎನ್ನುತ್ತಾರೆ. ಅವಳು ಒಂದೊಂದನ್ನೇ ತೆಗೆದು ನೋಡುತ್ತ ನನ್ನ ಬಳಿ ಬಂದು ನಿಂತಳು.

"ಮಾಂತ್ಯಾ, ಇದನ್ಯಾಕ ಹಾಯಾಕ ಹಚ್ಚಿ?"

"ಕೋಡ ಐತೆಲ್ಲ ಅದಕ್ಕ."

"ಕೋಡ ನೋಡಬ್ಯಾಡ, ಅಂಕಿ ನೋಡು. ಇದು ದೂರ ನಿಂತು ಹೊಡಿಯೂದು."

ನನ್ನ ಅಂಕಿಗಳಲ್ಲಿ ದೂರದಿಂದ ಹೊಡೆಯುವ ಬಲ ಎಂಬುದೊಂದಿತ್ತು. ಆ ಪೆಟ್ಟಿಗೆಯ ಯಾವ ಪ್ರಾಣಿಗೂ ಅಷ್ಟು ಇರಲಿಲ್ಲ. ಅದು ಹುಟ್ಟಿದಾಗಿನಿಂದಲೂ ಅಲ್ಲೇ ಇತ್ತು, ಯಾರ ಕಣ್ಣೂ ಅದರ ಮೇಲೆ ನಿಂತಿರಲಿಲ್ಲ. ಅವಳು ನನಗೆ ಹಾಯುವುದನ್ನು ಮರೆಸಿ ಮಿಂಚು ಎಸೆಯುವುದನ್ನು ಕಲಿಸಿದಳು. ಹೆಸರನ್ನೂ ಇಟ್ಟಳು. ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸುರುಳಿಗೆ ಆ ಕಡೆ ಕಂಡಿಕಿ ಎನ್ನುತ್ತಾರೆ. ನೀಲಿ ನೂಲು ಸುತ್ತಿದ ಕಂಡಿಕಿಯ ಹಾಗೇ ನಾನಿದ್ದೆನಂತೆ. ಹಾಗಾಗಿ ನಾನು ಕಂಡಿಕಿ.

ಮುಂದಿನ ಆರು ತಿಂಗಳು ನನ್ನ ಬಾಳಿನ ಒಳ್ಳೆಯ ಕಾಲ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಶಿವಲೀಲಾ ಗೆರೆ ಎಳೆದು ಅಂಕಿ ತುಂಬಿದಳು. ಯಾವ ಪ್ರಾಣಿ ಯಾವುದಕ್ಕೆ ಹೊಡೆದರೆ ಎಷ್ಟು ಜೀವ ಹೋಗುತ್ತದೆ, ಯಾವುದು ಎಷ್ಟು ಓಡುತ್ತದೆ ಎಂದು. ನಮ್ಮ ಆಟದಲ್ಲಿ ಜೋರಾಗಿ ಓಡುವ ಪ್ರಾಣಿಗೇ ಮೊದಲ ಏಟು. ಮಾಂತುವಿಗೆ ಮಾತ್ರ ದೊಡ್ಡ ಅಂಕಿಯ ಪ್ರಾಣಿಗಳದೇ ಹುಚ್ಚು. ಅವನಿಗೆ ಅವಳು ಎಷ್ಟೋ ಸಲ ತಿಳಿಸಿ ಹೇಳಿದಳು. ಬಲ ಎಷ್ಟಿದ್ದರೂ ಹೊಡೆಯುವ ಮೊದಲೇ ಬಿದ್ದರೆ ಆ ಬಲ ಯಾತಕ್ಕೆ ಬಂತು, ಹೊಡೆಯುವ ಪ್ರಾಣಿಗೆ ಮೊದಲ ಏಟು ಸಿಗುವ ಹಾಗೆ ಉಳಿದವು ದಾರಿ ಮಾಡಿಕೊಡಬೇಕು, ಎಂದು. ಅವಳ ತಂಡದಲ್ಲಿ ಮೂರೇ ಪ್ರಾಣಿಗಳು. ಮೊದಲು ಒಂದು ಆಮೆ. ಅದು ಹೊಡೆಯುವುದೇ ಇಲ್ಲ, ಎದುರಿನವರ ಓಟವನ್ನು ನಿಧಾನ ಮಾಡಿ ತಾನು ಬೀಳುತ್ತದೆ. ಆಮೇಲೆ ಒಂದು ಹದ್ದು. ಕೊನೆಗೆ ನಾನು. ನಾನು ಬರುವ ಹೊತ್ತಿಗೆ ಎದುರಿನವು ಕಾಲೆಳೆಯುತ್ತಿರುತ್ತಿದ್ದವು, ಮಿಂಚು ನನ್ನದೇ ಮೊದಲು ಹೋಗುತ್ತಿತ್ತು. ಆಟದೊಳಗೆ ದಾರಿಗೆ ಅಡ್ಡ ನಿಲ್ಲುವ ಸರದಾರರನ್ನೆಲ್ಲ ಹೀಗೇ ಗೆದ್ದೆವು.

ಇಬ್ಬರೂ ಡಬ್ಬಿಯ ಮೇಲೆ ಬಗ್ಗಿದ್ದನ್ನು ಕಂಡಾಗ ಅಪ್ಪ ಮಗ್ಗದ ಸದ್ದಿನ ಮೇಲೆಯೇ ಒದರುತ್ತಿದ್ದ. "ಇಲ್ಲಿ ಎಳಿ ಹರದದ್ದು ಕಾಣೂದಿಲ್ಲ ಇವ್ರಿಗೆ. ಡಬ್ಬಿಯೊಳಗಿನ ಕುರಿ ಕಾಯಾಕತ್ತಾವ ಎರಡೂ." ಶಿವಲೀಲಾ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು. ಅವಳು ನಗುವುದನ್ನು ನಾನು ಕೆಳಗಿನಿಂದ ನೋಡುತ್ತಿದ್ದೆ.

ಆ ವರ್ಷ ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ನಮ್ಮ ಆಟದ ಪಂದ್ಯವಿದೆ ಎಂದು ಮಾಂತು ಸುದ್ದಿ ತಂದ. ಯಾರು ಬೇಕಾದರೂ ಆಡಬಹುದಿತ್ತು. ಅಕ್ಕಾ ನೀನೇ ಆಡಾಕ ಕೂಡು, ನಾ ಸಂಗಡ ಬರ್ತೀನಿ ಎಂದು ಅವನು ಮನಸ್ಸಿನಿಂದಲೇ ಹೇಳಿದ. ಅಪ್ಪನೂ ಬೇಡವೆನ್ನಲಿಲ್ಲ. ಬೇಡವೆಂದವಳು ಅವಳೇ. ಗುರುತಿಲ್ಲದ ಅಷ್ಟು ಮಂದಿಯ ನಡುವೆ, ಒಬ್ಬರ ಎದುರಿಗೆ ಮುಖ ಕೊಟ್ಟು ಕೂರುವುದು ಅವಳಿಂದ ಆಗದ ಮಾತಾಗಿತ್ತು.

"ನೀ ಆಡು, ಮಾಂತ್ಯಾ," ಎಂದಳು. "ನಾ ಆರಿಸಿಕೊಡ್ತೀನಿ. ಗೆದ್ರ ನಿನ್ನ ಹೆಸರ ಇರ್ಲಿ. ನಾ ಆರಿಸಿದ್ದು ಬರೋಬರಿ ಐತೋ ಇಲ್ಲೋ, ಅಷ್ಟ ಗೊತ್ತಾಗಬೇಕು ನನಗ."

ಹೊರಡುವ ದಿನ ಅವಳು ನಸುಕಿನಲ್ಲೇ ರೊಟ್ಟಿ ಕಟ್ಟಿಕೊಟ್ಟಳು. ಆಮೆ, ಹದ್ದು, ಕಂಡಿಕಿ ಎಂದು ಮೂರು ಸಲ ಅವನ ಬಾಯಲ್ಲಿ ಹೇಳಿಸಿದಳು.

ಹುಬ್ಬಳ್ಳಿಯಲ್ಲಿ ಗಾಜು ಬೆಳಗಿದಾಗ ಕಂಡದ್ದು ಮಾಂತುವಿನ ಮುಖವೊಂದೇ ಅಲ್ಲ. ಅವನ ಹಿಂದೆ ನಾಲ್ಕು ಹುಡುಗರು ಬಗ್ಗಿದ್ದರು. ಅವರೂ ಆಡಲು ಬಂದವರೇ, ಸಾಲಿನಲ್ಲಿ ನಿಂತಾಗ ಪರಿಚಯವಾದವರು. ತಂಡ ತೋರಿಸು ಎಂದರು. ಮಾಂತು ತೋರಿಸಿದ.

"ಇದೇನಪಾ, ಅಂಗನವಾಡಿ ಗ್ವಾಡಿ ಮ್ಯಾಲಿನ ಚಿತ್ರ ಇದ್ದಂಗ ಐತಿ," ಎಂದ ಒಬ್ಬ.

"ಯಾರಪಾ ಆರಿಸಿದ್ದು ಇದನ್ನ?" ಎಂದ ಇನ್ನೊಬ್ಬ.

ಮಾಂತುವಿನ ಕಿವಿ ಕೆಂಪಾದದ್ದು ನನಗೆ ಕಂಡಿತು. ಅವನು ಅಕ್ಕನ ಹೆಸರು ಹೇಳುತ್ತಾನೆ ಎಂದುಕೊಂಡೆ. "ಯಾರೂ ಇಲ್ಲ," ಎಂದ ಅವನು. "ಸುಮ್ನ ಇಟ್ಟಿದ್ದೆ, ಇದನ್ನೇನ ಆಡಿಸೂದಿಲ್ಲ."

ಆ ಹುಡುಗರಲ್ಲಿ ಒಬ್ಬ ತನ್ನ ಉಕ್ಕಿನ ಗೂಳಿಯನ್ನು ಅವತ್ತಿನ ಮಟ್ಟಿಗೆ ಕೊಡುತ್ತೇನೆಂದ. ಅದರ ಹಾಯುವ ಬಲ ನೋಡಿ ಎಲ್ಲರೂ ಅಬ್ಬಾ ಎಂದರು. ಗೂಳಿ ಅವನ ಡಬ್ಬಿಯಿಂದ ನಮ್ಮ ಡಬ್ಬಿಗೆ ದಾಟಿ ನನ್ನ ಜಾಗಕ್ಕೆ ಬಂತು. ನಾನು ಪೆಟ್ಟಿಗೆಗೆ ಹೋದೆ. ಕಾಳಗ ನಡೆಯುವಾಗ ಪೆಟ್ಟಿಗೆಯೊಳಗಿದ್ದವರಿಗೆ ಏನೂ ಕಾಣುವುದಿಲ್ಲ, ಕೇಳಿಸುವುದೂ ಇಲ್ಲ. ಎಷ್ಟು ಹೊತ್ತು ಹೋಯಿತೋ, ಮತ್ತೆ ಬೆಳಕು ಬಿದ್ದಾಗ ನಾವು ಬಸ್ಸಿನಲ್ಲಿದ್ದೆವು. ಮೊದಲನೆಯ ಸುತ್ತಿನಲ್ಲೇ ಮುಗಿದಿತ್ತೆಂದು ಅವನ ಮುಖವೇ ಹೇಳುತ್ತಿತ್ತು. ಗೂಳಿ ತನ್ನ ಒಡೆಯನ ಬಳಿಗೆ ಹೋಗಿಯಾಗಿತ್ತು. ಮಾಂತು ನನ್ನನ್ನು ಪೆಟ್ಟಿಗೆಯಿಂದ ತೆಗೆದು ಹದ್ದಿನ ಪಕ್ಕ, ಅವಳು ಇಟ್ಟ ಜಾಗದಲ್ಲೇ ಇಟ್ಟ.

ಮನೆಯಲ್ಲಿ ಶಿವಲೀಲಾ ಮೊದಲು ಅವನಿಗೆ ನೀರು ಕೊಟ್ಟಳು. ಆಮೇಲೆ ಡಬ್ಬಿ ತೆರೆದು ನಮ್ಮನ್ನು ನೋಡಿದಳು.

"ಸೋತೆವಕ್ಕ," ಎಂದ ಮಾಂತು.

"ಹೆಂಗ?"

ಅವನು ಚೀಲದ ದಾರ ಬಿಚ್ಚಿ ಮತ್ತೆ ಕಟ್ಟಿದ. "ನಿನ್ನ ಕಂಡಿಕಿ ಒಂದ ಏಟಿಗೆ ಬಿತ್ತು."

ಆ ಮಾತು ನನ್ನ ಮೇಲೆ ಬಂತು. ನನಗೆ ಬಾಯಿ ಇಲ್ಲ. ಕಾಳಗದಲ್ಲಿ ಕೂಗುವ ಒಂದು ಕೂಗು ಬಿಟ್ಟರೆ ಬೇರೆ ಸದ್ದನ್ನು ನನಗೆ ಯಾರೂ ಕೊಟ್ಟಿಲ್ಲ. ಶಿವಲೀಲಾ ನನ್ನ ಅಂಕಿಗಳನ್ನು ನೋಡುತ್ತ ಕೂತಳು. ಎದುರಿಗೆ ಏನಿತ್ತು, ಯಾವಾಗ ಕಳಿಸಿದಿ ಎಂದು ಅವಳು ಕೇಳಬಹುದಿತ್ತು. ಕೇಳಿದ್ದರೆ ಅವನು ಅಲ್ಲೇ ತಡವರಿಸುತ್ತಿದ್ದ. ಆದರೆ ಕೇಳಿದರೆ, ತಾನು ಎಲ್ಲಿ ತಪ್ಪಿದೆ ಎಂಬುದನ್ನು ತಮ್ಮನ ಬಾಯಿಂದ ಕೇಳಿಸಿಕೊಳ್ಳಬೇಕಿತ್ತು. "ಹೌದಾ," ಎಂದಳು ಅಷ್ಟೆ. "ಊಟ ಮಾಡು, ಹಸದೀ."

ಮಾಂತು ಕೆಟ್ಟವನಲ್ಲ. ಅವತ್ತು ಉಣ್ಣುವಾಗ ಎರಡು ಸಲ ಅಕ್ಕನ ಮುಖ ನೋಡಿದ. ನಾಳೆ ಹೇಳಿದರಾಯಿತು ಎಂದುಕೊಂಡಿರಬೇಕು.

ಅವಳು ಮತ್ತೆ ಡಬ್ಬಿ ಮುಟ್ಟಲಿಲ್ಲ. ಮಾಂತು ಆಗೊಮ್ಮೆ ಈಗೊಮ್ಮೆ ಆಡುವಾಗ ಮನೆಯ ಮಾತು ನನ್ನ ಕಿವಿಗೆ ಬೀಳುತ್ತಿತ್ತು. ಮೊದಲೆಲ್ಲ ಸೀರೆಯ ಅಂಚಿಗೆ ಯಾವ ಬಣ್ಣ ಹಾಕಲಿ ಎಂದು ಅಪ್ಪ ಅವಳನ್ನೇ ಕೇಳುತ್ತಿದ್ದ, ಅವಳು ಹೇಳಿದ್ದೇ ಹಾಕುತ್ತಿದ್ದ. ಈಗ ಕೇಳಿದರೆ "ನಿಮಗ ತಿಳದಂಗ ಮಾಡ್ರಿ" ಎನ್ನುತ್ತಿದ್ದಳು. ಸಂತೆಯಲ್ಲಿ ಬದನೆಕಾಯಿ ಆರಿಸಲೂ ಅವ್ವನ ಮಂದ ಕಣ್ಣಿಗೇ ಬಿಡುತ್ತಿದ್ದಳಂತೆ. ಅವ್ವ ಅದನ್ನು ಹೇಳಿಕೊಂಡು ನಕ್ಕಳು. ಒಂದು ದಿನ ಮಾಂತು ಆಡುತ್ತ ಕೂತಿದ್ದಾಗ ಅವಳ ಮುಂದೆ ಎರಡು ಫೋಟೊ ಇಟ್ಟರು. ಒಬ್ಬ ಮುಧೋಳದವನು, ಒಬ್ಬ ಜಮಖಂಡಿಯವನು. ಎರಡೂ ಮನೆತನ ಒಳ್ಳೆಯವು, ನಿನ್ನ ಮನಸ್ಸಿಗೆ ಬಂದದ್ದು ಹೇಳು ಎಂದಳು ಅವ್ವ.

"ನೀವ ಆರಿಸ್ರಿ," ಎಂದಳು ಶಿವಲೀಲಾ. "ನಾ ಆರಿಸಿದ್ದು ಯಾವ ಬರೋಬರಿ ಆಗೇತಿ?"

ಮಾಂತುವಿನ ಬೆರಳು ಗುಂಡಿಯ ಮೇಲೆ ನಿಂತಿತು. ಅಂದಾದರೂ ಅವನು ಹೇಳಬಹುದಿತ್ತು. ಗಾಜು ಆರಿಸಿ ಎದ್ದುಹೋದ.

ಅವರು ಜಮಖಂಡಿಯವನನ್ನು ಆರಿಸಿದರು. ಡಬ್ಬಿ ಟ್ರಂಕು ಸೇರಿತು.

ಅಲ್ಲಿ ಎಷ್ಟು ವರ್ಷ ಮಲಗಿದೆನೋ ಲೆಕ್ಕವಿಲ್ಲ. ಮೊನ್ನೆ ಬೆಳಕು ಬಿದ್ದಾಗ ಮೇಲೆ ಒಂದು ಪುಟ್ಟ ಮುಖವಿತ್ತು, ಮುಂದಿನ ಎರಡು ಹಲ್ಲು ಬಿದ್ದ ಮುಖ. ಶಿವಲೀಲಾಳ ಮಗಳು ಸಿಂಚನಾ. ತವರಿಗೆ ಬಂದವಳು ಟ್ರಂಕು ಕೆದರಿ, ಡಬ್ಬಿಗೆ ಕರೆಂಟು ಹಚ್ಚಿದ್ದಳು. ಮಾಂತುವೂ ಬಾಗಲಕೋಟೆಯಿಂದ ಬಂದಿದ್ದ. ಅಲ್ಲಿ ಒಂದು ಕಚೇರಿಯಲ್ಲಿ ಅವನಿಗೆ ಕೆಲಸ, ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು. ಶಿವಲೀಲಾ ಪಕ್ಕದಲ್ಲೇ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಅವಳ ಕಿವಿಯ ಬಳಿ ನಾಲ್ಕು ಬಿಳಿ ಕೂದಲು ಕಂಡವು.

ಈ ನೀಲಿದು ಯಾರದು ಮಾಮಾ ಎಂದು ಮಗು ಕೇಳಿತು.

"ನಿಮ್ಮವ್ವಂದು," ಎಂದು ಮಾಂತು ನಕ್ಕ. "ಅಕ್ಕಾ, ನಿನಗೊಂದು ಮಜಾ ಹೇಳ್ಲೇನು? ಅವತ್ತು ಹುಬ್ಬಳ್ಯಾಗ ನಾ ಇದನ್ನ ಆಡಿಸೇ ಇಲ್ಲ. ಆ ಹುಡುಗೋರು ನಕ್ಕರಂತ ಒಂದು ಗೂಳಿ ಇಸ್ಕೊಂಡು ಆಡಿದ್ದೆ. ಅದು ಬಿದ್ದಿದ್ದು. ನಿನ್ನ ಮುಂದ ಹೇಳಾಕ ನಾಚಿಕ್ಯಾಗಿ ಇದರ ಹೆಸರ ಹೇಳಿಬಿಟ್ಟೆ."

ಅವನಿಗೆ ಅದು ಹಳೆಯ ಕಾಲದ ಹುಡುಗಾಟಿಕೆ. ಅವಳೂ ನಗುತ್ತಾಳೆಂದು ಮುಖ ನೋಡಿದ. ಸೊಪ್ಪಿನ ಕಡ್ಡಿ ಹಿಡಿದ ಅವಳ ಕೈ ಅಲ್ಲೇ ನಿಂತಿತ್ತು.

"ಮೊದಲ ಏನ್ ಕಳಿಸಿದ್ದ ಅವ?" ಎಂದಳು ಶಿವಲೀಲಾ.

"ಯಾರು?"

"ನಿನ್ನ ಎದುರು ಕುಂತವ."

ಮಾಂತು ಯೋಚಿಸಿದ. "ನೆನಪಿಲ್ಲಕ್ಕ."

"ಎರಡನೇದು?"

"ಒಂಬತ್ತು ವರ್ಷಾತು. ಈಗ ಅದನ್ನ ತಗೊಂಡು ಏನ್ ಮಾಡ್ತಿ?"

ಅವಳು ಮಗಳ ಕೈಯಿಂದ ಡಬ್ಬಿ ತೆಗೆದುಕೊಂಡಳು. ನನ್ನ ಅಂಕಿಗಳಿದ್ದ ಪುಟ ತೆರೆದಳು. ಆ ಅಂಕಿಗಳ ಎದುರಿಗೆ ಇಡಲು ಅವಳಿಗೆ ಇನ್ನೊಂದು ಪ್ರಾಣಿಯ ಅಂಕಿ ಬೇಕಿತ್ತು. ಅದು ಸಿಕ್ಕಿದ್ದರೆ ಅರೆಗಳಿಗೆಯಲ್ಲಿ ಮನಸ್ಸಿನೊಳಗೇ ಆ ಪಂದ್ಯ ಆಡಿ ಮುಗಿಸುತ್ತಿದ್ದಳು. ತಾನು ಆರಿಸಿದ್ದು ಸರಿಯೋ ತಪ್ಪೋ ತಿಳಿಯುತ್ತಿತ್ತು. ತಪ್ಪೆಂದಾಗಿದ್ದರೂ ಅವಳು ಒಪ್ಪಿಕೊಳ್ಳುತ್ತಿದ್ದಳು ಎಂದು ನನಗನಿಸುತ್ತದೆ. ಅವಳ ಬೆರಳು ಗಾಜಿನ ಮೇಲೆ, ನನ್ನ ಕೋಡಿನ ಹತ್ತಿರ, ಬಹಳ ಹೊತ್ತು ಇತ್ತು. ಕೆಂಪು ದೀಪ ಮಿನುಗಲು ತೊಡಗಿತು. ಈಗ ಹಳೆಯ ಬ್ಯಾಟರಿಯಲ್ಲಿ ಕಸುವಿಲ್ಲ. ಅವ್ವಾ ಆರಿಹೋಗ್ತದ ಎಂದಿತು ಮಗು.

ಈಗ ನಾನು ಅದೇ ಟ್ರಂಕಿನಲ್ಲಿ, ಹಳೆಯ ದುಪ್ಪಟಿಯ ಕೆಳಗೆ ಇದ್ದೇನೆ. ಇನ್ನೊಂದು ಸಲ ಗಾಜು ಬೆಳಗುತ್ತದೋ ಇಲ್ಲವೋ. ಲೋಕದಲ್ಲಿ ನನ್ನನ್ನು ಕಣ್ಣಿಟ್ಟು ಆರಿಸಿದವಳು ಅವಳೊಬ್ಬಳೇ. ಅವಳು ಕೇಳಿದ ಒಂದೇ ಪ್ರಶ್ನೆಗೆ ಉತ್ತರ ಕೊಡಬೇಕಾಗಿದ್ದ ನಾನು ಆ ಹೊತ್ತಿನಲ್ಲಿ ಪೆಟ್ಟಿಗೆಯೊಳಗಿದ್ದೆ. ಎದುರಿಗೆ ಏನು ಬಂತೆಂದು ನನಗೂ ಗೊತ್ತಿಲ್ಲ.