ನವಿಲಿನ ಗರಿಗೆ ಜಾಗ

“ಬಣ್ಣ ಬಳ್ಯಾವ್ರ ಕೈ ಕಟ್ಟಾಕ ನೀ ಯಾರಬೇ? ಆಡಾವ್ರು ತಮ್ಮ ಟ್ರಾಲಿ ಹ್ಯಾಂಗರೆ ಬಳಕೋತಾರ!”

“ಆಟ ನಂದ್ರಿ ಕಾಕಾ. ಬಣ್ಣ ಎಲ್ಲಾ ಬಿಟ್ಟೇನಿ. ರೇಡಿಯಂ ಪಟ್ಟಿ ಅಷ್ಟ ಬಿಡೂದಿಲ್ಲ.”

“ಆರ್‌ಟಿಓದವ್ರೂ ಇಷ್ಟ ಕಾಡೂದಿಲ್ಲ.”

“ಅವತ್ತ ಯಾರರೆ ಹಿಂಗ ಕಾಡಿದ್ರ ಪಪ್ಪಾ ಇವತ್ತ ಇರ್ತಿದ್ರು.”

ಅದನ್ನು ಕೇಳಿ ನನಗೆ ಸಿಟ್ಟು ಇನ್ನಷ್ಟು ಏರಿತು.

ಕಾಜಲ ನನ್ನ ಅಣ್ಣನ ಮಗಳು. ಚಿಕ್ಕೋಡಿಯಲ್ಲಿ ಕಂಪ್ಯೂಟರ್ ಕಲಿತು, ಅಂಕಲಿಯ ನನ್ನ ಪೇಂಟಿಂಗ್ ಶೆಡ್ಡಿನ ಮೂಲೆಯಲ್ಲಿ ಕೂತು ಒಂದು ಆಟ ಮಾಡಿದ್ದಳು. ಟ್ರ್ಯಾಕ್ಟರಿಗೆ ಎರಡು ಟ್ರಾಲಿ ಕಟ್ಟಿ ಕಾರ್ಖಾನೆಗೆ ಕಬ್ಬು ಮುಟ್ಟಿಸುವ ಆಟ. ಆಡುವವರು ತಾವೇ ಮಾಡಿದ ತುಣುಕುಗಳನ್ನು ಅದಕ್ಕೆ ಸೇರಿಸಬಹುದು. ಅದಕ್ಕೆ ಮಾಡ್ ಅನ್ನುತ್ತಾರೆ. ಒಬ್ಬ ಟ್ರಾಲಿಗೆ ಹುಲಿ ಬರೆಯುತ್ತಾನೆ, ಇನ್ನೊಬ್ಬ ಹೆಂಡತಿಯ ಹೆಸರು. ಆದರೆ ದೀಪ ಬಿದ್ದರೆ ಹೊಳೆಯುವ, ಹಿಂಬಾಗಿಲಿನ ಕೆಂಪು ರೇಡಿಯಂ ಪಟ್ಟಿಯನ್ನು, ಆಟದೊಳಗಿನ ಕತ್ತಲನ್ನು ಯಾವ ಮಾಡ್ ಕೂಡ ಮುಟ್ಟದಂತೆ ಅವಳು ಬೀಗ ಹಾಕಿದ್ದಳು. ಗ್ರಾಫಿಕ್ಸ್ ಪೂರ್ತಿ ನಮಗೆ ಬಿಡಿ, ಪಟ್ಟಿಯಿಂದ ಚಿತ್ರ ಕೆಡುತ್ತದೆ ಎಂದು ಜನ ಬೈದು ಬರೆಯುತ್ತಿದ್ದರು.

ನಾನು ಅವರ ಪಕ್ಷ. ಇಪ್ಪತ್ತೆಂಟು ವರ್ಷ ಟ್ರಾಲಿಗೆ ಚಿತ್ರ ಬರೆದಿದ್ದೇನೆ. ಮೂಲೆಯಲ್ಲಿ ಆ ಪಟ್ಟಿ ಬಂದರೆ ಎಂಥ ಚಿತ್ರವೂ ತೇಪೆ ಹಾಕಿದ ಹಾಗೆ ಕಾಣುತ್ತದೆ.

ಆರು ವರ್ಷದ ಹಿಂದೆ ಒಂದು ರಾತ್ರಿ ಉಗಾರ ರಸ್ತೆಯಲ್ಲಿ ನಿಂತಿದ್ದ ಟ್ರಾಲಿಗೆ ಅಣ್ಣನ ಬೈಕ್ ಹಿಂದಿನಿಂದ ಬಡಿದು ಅವನು ತೀರಿಕೊಂಡ. ಟ್ರಾಲಿಗೆ ಬಣ್ಣ ಹಚ್ಚಿದವನು ನಾನು. ಪಟ್ಟಿ ಇರಲಿಲ್ಲ. ದಾರಿಯಲ್ಲಿ ಉದುರಿ ಬಿದ್ದಿರಬೇಕು ಎಂದು ಎಲ್ಲರೂ ಅಂದರು. ಮೊದಲು ಅಂದವನು ನಾನು.

“ಒಂದ ಸಲ ಬೀಗ ತಗದ ನೋಡು,” ಅಂದೆ. “ಚಿತ್ರ ಅಂದ್ರ ಏನಂತ ತೋರಸ್ತೇನಿ.”

ಅವಳು ಹಲ್ಲು ಕಚ್ಚಿ ಬೀಗ ತೆಗೆದಳು. “ಬರೀರಿ. ಆಟದಾಗ ಹಿಂದ ಬೈಕ್ ತಗೊಂಡು ನಾ ಬರ್ತೇನಿ.”

ಪೆನ್ನು ಹಿಡಿದು ಪರದೆಯ ಮೇಲಿನ ಟ್ರಾಲಿಯ ಹಿಂಬಾಗಿಲಿಗೆ ನವಿಲು ಬರೆದೆ. ಯೋಚನೆ ಮಾಡಲಿಲ್ಲ; ಕೈಗೆ ರೂಢಿಯಿದ್ದ ನವಿಲು. ಕೊರಳನ್ನು ಬಲಕ್ಕೆ ಬಾಗಿಸಿದೆ, ಗರಿಯನ್ನು ಎಡಮೂಲೆಯ ತನಕ ಹರಡಿದೆ. ಪಟ್ಟಿ ಗರಿಯ ಕೆಳಗೆ ಹೋಯಿತು.

ಆಟ ಶುರುವಾಯಿತು. ಕತ್ತಲು, ಒಂದು ಬೈಕಿನ ದೀಪ, ಡಾಂಬರು. ಮುಂದೆ ಏನೂ ಇರಲಿಲ್ಲ. ಆಮೇಲೆ ಒಮ್ಮೆಲೇ ನವಿಲು ಪರದೆಯ ತುಂಬ ಬಂತು, ಆಟ ನಿಂತಿತು.

ಕಾಜಲ ಕೀಬೋರ್ಡಿನಿಂದ ಕೈ ತೆಗೆಯಲಿಲ್ಲ. ಪರದೆಗೆ ಮುಖ ಹತ್ತಿರ ತಂದಳು.

“ಈ ಕೊರಳು ನಾ ನೋಡೇನಿ. ಪೊಲೀಸರ ಫೋಟೋದಾಗ. ಬಾಗಿಲ ಅರ್ಧ ಮುರದಿತ್ತು, ಬರೇ ಕೊರಳ ಉಳದಿತ್ತು.”

ನಾನು ಪೆನ್ನು ಕೆಳಗಿಟ್ಟೆ.

“ಅವತ್ತೂ ಗರಿ ಇಲ್ಲೀತನಕ ಇತ್ತೇನ್ರಿ ಕಾಕಾ?”

“ಇತ್ತು.”

“ಪಟ್ಟಿ?”

ಬಿದ್ದಿರಬೇಕು ಅನ್ನುವ ಮಾತು ನಾಲಿಗೆಯ ಮೇಲೇ ಇತ್ತು. ಆರು ವರ್ಷದಿಂದ ಅಲ್ಲೇ ಇತ್ತು.

“ನಾನ ಕಿತ್ತೆ. ಗರಿಗೆ ಜಾಗ ಸಾಲಲಿಲ್ಲ.”

ಅವಳು ಬೈಯಲಿಲ್ಲ. ಬೈದಿದ್ದರೆ ನನಗೂ ಬೈಯಲು ಬರುತ್ತಿತ್ತು. ನವಿಲನ್ನು ಅಳಿಸಿದಳು. ಪಟ್ಟಿಗೆ ಮತ್ತೆ ಬೀಗ ಹಾಕಿ, ಹಾಕಿದ್ದು ನನಗೆ ಕಾಣುವ ಹಾಗೆ ಪರದೆ ತಿರುಗಿಸಿದಳು. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು.

“ಉಂಡ ಹೋಗ, ಕಾಜಲ. ನಿಮ್ಮ ಕಾಕೂ ರೊಟ್ಟಿ ಬಡಿಯಾಕತ್ತಾಳ.”

ಅವಳ ಸ್ಕೂಟಿ ಶೆಡ್ಡಿನಿಂದ ಹೊರಬಿದ್ದು ಚಿಕ್ಕೋಡಿಯ ಕಡೆ ತಿರುಗಿತು. ಅವಳು ಮತ್ತೆ ಈ ಶೆಡ್ಡಿಗೆ ಬರಲಿಲ್ಲ.