ಹ್ಯಾಟಿಗೆ ಸಿಕ್ಕಿಸಿದ ಬಿಳಿ ಗರಿ

ಮಗ ಸತ್ತ ಐದು ತಿಂಗಳಿಗೆ ಅವನ ಸಾಮಾನಿನ ಪೆಟ್ಟಿಗೆ ಇಂಗ್ಲೆಂಡಿನಿಂದ ಬಂತು. ಕ್ಲೆಮ್ ಟ್ರೆಗಿಯರ್ ಅದನ್ನು ಬಾರ್ಲಿ ಸಾಗಿಸುವ ಲಾರಿಯಲ್ಲೇ ಸ್ಟೇಷನ್ನಿನಿಂದ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟ. ಹೆಂಡತಿ ಐವಿ ಒಂದೊಂದಾಗಿ ಹೊರಗೆ ತೆಗೆದಳು. ಕ್ಷೌರದ ಸಾಮಾನು, ತಾನೇ ಹೆಣೆದು ಕಳಿಸಿದ್ದ ಸ್ವೆಟರ್, ಸಂಬಳದ ಪುಸ್ತಕ. ಪುಸ್ತಕ ಬಿಚ್ಚಿದರೆ ಹಾಳೆಗಳ ನಡುವೆ ಒಂದು ಬಿಳಿ ಗರಿ.

ಐವಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿಂದಿನ ಯುದ್ಧದಲ್ಲಿ, ದಂಡಿಗೆ ಸೇರದ ಗಂಡಸರ ಕೈಗೆ ಇಂಥದೇ ಗರಿ ತುರುಕಿ ಹೇಡಿ ಎಂದು ಹಂಗಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

"ಯಾವ ಮನೆಹಾಳ ಕಳಿಸಿದ್ದು ಇದನ್ನ?" ಎಂದಳು. "ನನ್ನ ಮರ್ವ್‌ಗೆ! ದಿನಾ ಸಾವಿನ ಬಾಯಿಗೆ ಹೋಗಿಬರ್ತಿದ್ದ ಹುಡುಗನಿಗೆ!"

ಕ್ಲೆಮ್ ಸ್ವೆಟರನ್ನು ಮಡಿಸತೊಡಗಿದ. ಕಳಿಸಿದವನು ಅವನೇ.

ಹೋದ ವರ್ಷದ ಮಾತು. ಜಪಾನಿನವರು ಇಲ್ಲಿಗೇ ಬಂದು ದೇಶದ ಉತ್ತರದ ಊರುಗಳ ಮೇಲೆ ಬಾಂಬು ಹಾಕುತ್ತಿದ್ದರು. ಮರ್ವ್ ಮಾತ್ರ ಇಂಗ್ಲೆಂಡಿನಲ್ಲಿದ್ದ. ಬಾಂಬು ವಿಮಾನದ ಬಾಲದಲ್ಲಿ ಬಂದೂಕು ಹಿಡಿದು ಕೂತು ಜರ್ಮನಿಗೆ ಹೋಗಿಬರುವುದು ಅವನ ಕೆಲಸ. ಆದರೆ ಊರಿನವರ ಕಣ್ಣಿಗೆ ಅದೊಂದು ಮೋಜು. ಕಾನೂನಿನಂತೆ ಸಂಜೆ ಆರು ಗಂಟೆಗೇ ಪಬ್ ಮುಚ್ಚುವ ಮೊದಲು ಎಲ್ಲರೂ ಗಟಗಟ ಗ್ಲಾಸು ಖಾಲಿ ಮಾಡುವ ಗಡಿಬಿಡಿಯಲ್ಲಿ, ಪಕ್ಕದ ಜಮೀನಿನ ಲೆಸ್ ಪಾಸ್ಕೋ ಕೂಗಿದ್ದ: "ಏನಪ್ಪಾ ಕ್ಲೆಮ್, ಜಪಾನಿನವರು ಬಂದ್ರು ಅಂತ ನಿನ್ನ ಮಗ ಇಂಗ್ಲೆಂಡಿಗೆ ಪರಾರಿಯಂತೆ? ಅಲ್ಲಿ ಹುಡುಗೀರ ಜೊತೆ ಡ್ಯಾನ್ಸಂತೆ!"

ಲೆಸ್‌ನ ಮಗ ನ್ಯೂಗಿನಿಯ ಕೆಸರಲ್ಲಿ ಹೊಡೆದಾಡುತ್ತಿದ್ದ, ಅವನ ಹೊಟ್ಟೆಯ ಸಂಕಟ ಅವನಿಗೆ. ಕ್ಲೆಮ್ ಪೆಚ್ಚಾಗಿ ನಕ್ಕು ಎದ್ದುಬಂದ. ಬೀದಿಯುದ್ದಕ್ಕೂ ಜನ ಕಿಸಕ್ಕನೆ ನಗುತ್ತಿದ್ದುದು ಯಾಕೆಂದು ಮನೆಗೆ ಬಂದು ಹ್ಯಾಟು ತೆಗೆದಾಗಲೇ ತಿಳಿದದ್ದು. ಅದರ ಪಟ್ಟಿಗೆ ಯಾರೋ ಕೋಳಿಯ ಬಿಳಿ ಗರಿ ಸಿಕ್ಕಿಸಿದ್ದರು. ಯಾರೋ ಏನು, ಲೆಸ್ಸೇ.

ಲೆಸ್‌ನ ಮೂತಿಗೆ ಗುದ್ದುವ ಧೈರ್ಯವಿಲ್ಲದ ಈ ಗಂಡಸು ಸಮುದ್ರದಾಚೆಯ ಮಗನಿಗೆ ಗುದ್ದಿದ. ಆ ಗರಿಯನ್ನೇ ಕವರಿಗೆ ಹಾಕಿ, "ನಿನ್ನ ದೆಸೆಯಿಂದ ನನಗೆ ಸಿಕ್ಕ ಮರ್ಯಾದೆ ಇದು. ಊರಲ್ಲಿ ತಲೆ ಎತ್ತಿ ನಡೆಯುವ ಹಾಗಿಲ್ಲ" ಎಂದು ಬರೆದು, ಐವಿಗೆ ಗೊತ್ತಾಗದ ಹಾಗೆ ಟಪಾಲಿಗೆ ಹಾಕಿದ. ಮರ್ವ್ ಅದಕ್ಕೆ ಉತ್ತರ ಬರೆಯಲಿಲ್ಲ. ತಾಯಿಗೆ ಬರೆದ ಕಾಗದಗಳ ಕೊನೆಯಲ್ಲಿ "ಅಪ್ಪನಿಗೂ ಹೇಳು" ಎಂದಿರುತ್ತಿತ್ತು, ಅಷ್ಟೇ.

ಪೆಟ್ಟಿಗೆಯ ಜೊತೆಗೇ ಮರ್ವ್‌ನ ಗೆಳೆಯನೊಬ್ಬನ ಕಾಗದವೂ ಬಂದಿತ್ತು. ಐವಿ ಗಟ್ಟಿಯಾಗಿ ಓದಿದಳು.

"ಮೂವತ್ತು ಸಲ ಹೋಗಿ ಜೀವಂತ ಬಂದವರಿಗೆ ಆರು ತಿಂಗಳು ಬಿಡುವು. ಸದ್ಯ ಬದುಕಿದೆವು ಎಂದು ನಾವೆಲ್ಲ ನಿಲ್ಲಿಸಿದೆವು. ಮರ್ವ್ ಮಾತ್ರ ಮಾರನೆಯ ದಿನವೇ ಮತ್ತೆ ಹೆಸರು ಕೊಟ್ಟ. ಯಾಕೋ ಹುಚ್ಚಪ್ಪಾ ಎಂದರೆ ಒಂದು ಬಿಳಿ ಗರಿ ತೋರಿಸಿ ನಕ್ಕ. ಯಾರು ಕಳಿಸಿದ್ದು ಎಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಜೊತೆಗಿದ್ದ ಕಾಗದವನ್ನು ನಮ್ಮೆದುರೇ ಒಲೆಗೆ ಹಾಕಿದ. ಆಮೇಲೆ ನಾಲ್ಕನೆಯ ಸಲ ಹೋದವನು ವಾಪಸು ಬರಲಿಲ್ಲ."

"ಯಾರ ಮಾನ ಕಾಯೋಕೆ ಸುಟ್ಟನೋ ಅದನ್ನ!" ಎಂದು ಐವಿ ಮೇಜು ಗುದ್ದಿ ಅತ್ತಳು. ಈಗಲಾದರೂ ಹೇಳಿಬಿಡಬೇಕು ಅಂದುಕೊಂಡ ಕ್ಲೆಮ್. ಹೇಳಿದರೆ ಇವಳು ಇನ್ನೊಂದು ದಿನ ಈ ಮನೆಯಲ್ಲಿ ತನ್ನ ಜೊತೆ ಇರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಎದ್ದು ಹೋಗಿ ಲಾರಿಯ ಎಂಜಿನ್ನು ಒರೆಸತೊಡಗಿದ.

ಭಾನುವಾರ ಲೆಸ್ ಕುರಿಯ ತೊಡೆ ಹಿಡಿದುಕೊಂಡು ಮಾತಾಡಿಸಲು ಬಂದ. ಐವಿ ಗರಿಯನ್ನು ಅವನ ಮುಖಕ್ಕೆ ಹಿಡಿದಳು. "ನೀನೇನಾ ಕಳಿಸಿದ್ದು? ನಿಜ ಹೇಳು."

ಲೆಸ್ ಗರಿ ನೋಡಿದ. ಆಮೇಲೆ ಕ್ಲೆಮ್‌ನ ಮುಖ ನೋಡಿದ. ಅವನಿಗೆ ಅರ್ಥವಾಗಿಹೋಯಿತು.

"ನನ್ನ ಮಗನಾಣೆ ಐವಿ, ನಾನು ಇಂಗ್ಲೆಂಡಿಗೆ ಏನನ್ನೂ ಕಳಿಸಿಲ್ಲ."

ಗೇಟಿನ ತನಕ ಬಂದ ಕ್ಲೆಮ್‌ಗೆ ಅವನು ಮೆಲ್ಲಗೆ ಹೇಳಿದ: "ನಾನು ಸಿಕ್ಕಿಸಿದ್ದು ನಿನ್ನ ಹ್ಯಾಟಿಗೆ ಕಣೋ. ತಮಾಷೆಗೆ. ಥೂ, ನೀನೂ ಒಬ್ಬ ಅಪ್ಪನಾ?" ಗೇಟು ತೆಗೆಯುತ್ತಾ, "ಹೆದರಬೇಡ, ನಾನು ಹೇಳಲ್ಲ" ಎಂದ.

ಕ್ಲೆಮ್ ಒಳಗೆ ಬರುವಷ್ಟರಲ್ಲಿ ಐವಿ ಆ ಗರಿಯನ್ನು ಮರ್ವ್‌ನ ಫೋಟೋದ ಚೌಕಟ್ಟಿಗೆ ಸಿಕ್ಕಿಸಿದ್ದಳು, ಅಡುಗೆಮನೆಯ ಬಾಗಿಲಿಗೆ ಸರಿಯಾಗಿ ಎದುರು.

"ಇದು ಇಲ್ಲೇ ಇರ್ಲಿ," ಎಂದಳು. "ಕಳಿಸಿದವನು ಒಂದಲ್ಲ ಒಂದು ದಿನ ಆ ಬಾಗಿಲಲ್ಲಿ ಬಂದು, ನಾನೇ ಕಳಿಸಿದ್ದು ಅಂತಾನೆ. ಬಂದೇ ಬರ್ತಾನೆ, ನೋಡ್ತಿರು."

ಆ ಬಾಗಿಲಲ್ಲಿ ಕ್ಲೆಮ್ ದಿನಕ್ಕೆ ಹತ್ತು ಸಲ ಒಳಗೆ ಬರುತ್ತಿದ್ದ. ಬಂದಾಗಲೆಲ್ಲ ಹ್ಯಾಟು ತೆಗೆದು ಗೂಟಕ್ಕೆ ಹಾಕಿ, "ಟೀ ಆಯ್ತಾ?" ಎಂದಷ್ಟೇ ಕೇಳುತ್ತಿದ್ದ.